ಪಿಕಪ್ ಮೇಲೆ ಕ್ಯಾಂಪರ್ ಹೊತ್ತು ಹೊರಟಾಗ ಟ್ರಕ್ಕಿನ ನಂಬರ್ ಪ್ಲೇಟ್ ಕಾಣುವಂತೆ ಹಾಕುವುದು ಹೇಗೆ

ಪಿಕಪ್ ಟ್ರಕ್ಕಿನ ಹಿಂದೆ ಸರಕು ತುಂಬುವ ಬೆಡ್‌ನೊಳಗೆ ಇಡಿಯಾಗಿ ಕೂರಿಸುವ ಪುಟ್ಟ ಮನೆಯನ್ನು ಅಮೆರಿಕದಲ್ಲಿ ಟ್ರಕ್ ಕ್ಯಾಂಪರ್ ಎನ್ನುತ್ತಾರೆ. ಅದರಲ್ಲಿ ಮಲಗುವ ಜಾಗ, ಒಲೆ, ನೀರಿನ ಟ್ಯಾಂಕು ಎಲ್ಲವೂ ಇರುತ್ತವೆ, ಚಕ್ರ ಮಾತ್ರ ಇರುವುದಿಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಲ್ಲಿ ಯೊಸೆಮಿಟಿಗೋ ಯೆಲ್ಲೊಸ್ಟೋನ್‌ಗೋ ಹೀಗೆ ಹೊರಡುವ ಆಸೆಯುಳ್ಳವರು ಕ್ಯಾಂಪರಿನ ತೂಕ, ಟ್ರಕ್ಕಿನ ಸಾಮರ್ಥ್ಯ, ಕಟ್ಟುವ ಟೈ-ಡೌನ್‌ಗಳು ಇವನ್ನೆಲ್ಲ ಎಚ್ಚರದಿಂದ ವಿಚಾರಿಸುತ್ತಾರೆ. ಹಿಂಬದಿಯ ನಂಬರ್ ಪ್ಲೇಟಿನ ವಿಷಯವನ್ನು ಮಾತ್ರ ಬಹಳ ಜನ ಹೊರಡುವ ದಿನದವರೆಗೂ ಯೋಚಿಸುವುದಿಲ್ಲ. ಪೊಲೀಸರು ಗಾಡಿ ನಿಲ್ಲಿಸುವುದಕ್ಕೆ ಪ್ಲೇಟ್ ಕಾಣದಿರುವುದೊಂದೇ ಸಾಕಾದ ಕಾರಣವಾದ್ದರಿಂದ, ಈ ಕೆಲಸವನ್ನು ಮನೆಯಂಗಳದಲ್ಲೇ ಸಮಾಧಾನವಾಗಿ ಮುಗಿಸಿಕೊಂಡು ಹೊರಡುವುದು ಒಳ್ಳೆಯದು.

ತೊಂದರೆ ಹುಟ್ಟುವುದು ಹೀಗೆ. ಪಿಕಪ್‌ಗಳಲ್ಲಿ ಹಿಂದಿನ ಪ್ಲೇಟ್ ಸಾಮಾನ್ಯವಾಗಿ ಬಂಪರಿನ ನಡುವಿನ ತಗ್ಗಿನಲ್ಲಿ, ಟ್ರೇಲರ್ ಸಿಕ್ಕಿಸುವ ಕೊಂಡಿಯಾದ ಹಿಚ್‌ನ ಮೇಲ್ಗಡೆ ಇರುತ್ತದೆ. ಕ್ಯಾಂಪರ್ ಕೂರಿಸುವಾಗ ಸಾಮಾನ್ಯವಾಗಿ ಬೆಡ್‌ನ ಹಿಂಬಾಗಿಲಾದ ಟೈಲ್‌ಗೇಟ್ ಕಳಚಿಡುತ್ತಾರೆ, ಕ್ಯಾಂಪರಿನ ಹಿಂಭಾಗ ಬಂಪರನ್ನು ದಾಟಿ ಕೆಲವು ಅಡಿ ಹೊರಚಾಚುತ್ತದೆ. ಆ ಚಾಚಿನ ಕೆಳಗೆ ಮಡಚಿದ ಮೆಟ್ಟಿಲು ತೂಗುತ್ತಿರುತ್ತದೆ. ಟ್ರೇಲರ್ ಎಳೆಯುವವರಾದರೆ ಉದ್ದನೆಯ ಹಿಚ್ ಎಕ್ಸ್‌ಟೆನ್ಷನ್ ಕೂಡ ಇರುತ್ತದೆ. ಇವುಗಳ ನಡುವೆ ಪ್ಲೇಟ್ ಗುಹೆಯೊಳಗೆ ಸೇರಿದಂತಾಗುತ್ತದೆ.

ಹಿಂದಿನ ಗಾಡಿಯವರಿಗೆ ಅದು ಕಾಣುತ್ತದೆಯೋ ಇಲ್ಲವೋ ಎಂಬುದನ್ನು ಊಹಿಸಬೇಕಾಗಿಲ್ಲ, ಅಳತೆಪಟ್ಟಿಯಿಂದ ಲೆಕ್ಕ ಹಾಕಬಹುದು. ಪ್ಲೇಟ್ ನೆಲದಿಂದ 2 ಅಡಿ ಎತ್ತರದಲ್ಲಿದೆ, ಕ್ಯಾಂಪರಿನ ಹಿಂದಿನ ಕೆಳಅಂಚು 3 ಅಡಿ ಎತ್ತರದಲ್ಲಿದ್ದು ಪ್ಲೇಟಿನಿಂದ 3 ಅಡಿ ಹಿಂದಕ್ಕೆ ಚಾಚಿದೆ ಎಂದಿಟ್ಟುಕೊಳ್ಳಿ. ಆಗ ಪ್ಲೇಟಿನಿಂದ ಹೊರಡುವ ನೋಟದ ಗೆರೆ ಹಿಂದಕ್ಕೆ ಪ್ರತಿ 3 ಅಡಿಗೆ 1 ಅಡಿಯಷ್ಟು ಮಾತ್ರ ಮೇಲೇರಬಲ್ಲದು. ಕಾರು ಓಡಿಸುವವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುವುದರಿಂದ, ಐದಾರು ಅಡಿ ಹಿಂದಿರುವ ಕಾರಿನಿಂದಲೂ ಪ್ಲೇಟ್ ಕಾಣುತ್ತದೆ. ಮೆಟ್ಟಿಲೋ ಹಿಚ್ಚೋ ಅಡ್ಡ ಬರಬಾರದು, ಅಷ್ಟೆ. ಆದರೆ 18 ಅಡಿ ಎತ್ತರದ ಕಂಬದ ಮೇಲಿನ ಕ್ಯಾಮೆರಾಕ್ಕೆ ಪ್ಲೇಟ್ ಕಾಣಬೇಕಾದರೆ ಟ್ರಕ್ಕು ಅದರಿಂದ 48 ಅಡಿಯಾದರೂ ಮುಂದೆ ಹೋಗಿರಬೇಕು. ಆ ಕ್ಯಾಮೆರಾ 30 ಅಡಿ ದೂರದ ಜಾಗಕ್ಕೆ ಗುರಿಯಿಟ್ಟಿದ್ದರೆ ಅದರ ಚಿತ್ರದಲ್ಲಿ ಕ್ಯಾಂಪರಿನ ಗೋಡೆ ಬಿಟ್ಟು ಬೇರೇನೂ ಬರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರಿಂದ ಹಣ ಪಡೆಯುವ ಕಟ್ಟೆಯೇ ಇಲ್ಲ. ಟೋಲ್ ಟ್ಯಾಗ್ ಇಲ್ಲದ ಗಾಡಿಗಳ ಲೆಕ್ಕವೆಲ್ಲ ಪ್ಲೇಟಿನ ಚಿತ್ರದ ಮೇಲೆಯೇ ನಡೆಯುತ್ತದೆ. ಹಾಗಾಗಿ ಚಾಚು ಎರಡು ಅಡಿ ಮೀರಿದ್ದರೆ ಬಂಪರಿನ ಪ್ಲೇಟನ್ನು ನಂಬಿ ಕೂರದೆ ಅದನ್ನು ಕ್ಯಾಂಪರಿನ ಹಿಂಗೋಡೆಗೆ ತರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಆದರೂ ತಿರುಳು ಒಂದೇ: ಪ್ಲೇಟ್ ಅಲುಗಾಡದಂತೆ ಬಿಗಿಯಾಗಿರಬೇಕು, ಅಕ್ಷರಗಳು ನೇರವಾಗಿ ನಿಂತು ಸ್ಪಷ್ಟವಾಗಿ ಓದಲು ಬರಬೇಕು, ರಾತ್ರಿ ಅದರ ಮೇಲೆ ಬಿಳಿಯ ಬೆಳಕು ಬೀಳಬೇಕು. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 5201ನೇ ಕಲಮಿನ ಪ್ರಕಾರ ಹಿಂದಿನ ಪ್ಲೇಟ್ ನೆಲದಿಂದ 12 ಇಂಚಿಗಿಂತ ಕೆಳಗೂ 60 ಇಂಚಿಗಿಂತ ಮೇಲೂ ಇರಬಾರದು. ನ್ಯೂಯಾರ್ಕ್‌ನಲ್ಲಿ ಮೇಲಿನ ಮಿತಿ 48 ಇಂಚು, ವಾಷಿಂಗ್ಟನ್ ರಾಜ್ಯದಲ್ಲಿಯೂ 4 ಅಡಿಯೇ. 12ರಿಂದ 48 ಇಂಚುಗಳ ನಡುವೆ ಇಟ್ಟರೆ ಈ ಮೂರೂ ರಾಜ್ಯಗಳ ಅಳತೆಗೆ ಹೊಂದುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್ ಎರಡರಲ್ಲೂ ಪ್ಲೇಟಿನ ದೀಪ 50 ಅಡಿ, ಅಂದರೆ ಸುಮಾರು 15 ಮೀಟರ್ ಹಿಂದಿನಿಂದ ಅಕ್ಷರಗಳನ್ನು ಓದಿಸುವಂತಿರಬೇಕು. ಮುಂದೆ ಇನ್ನೊಂದು ಪ್ಲೇಟ್ ಇದೆಯಲ್ಲ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಮುಂದಿನದನ್ನು ಕಿತ್ತು ಹಿಂದಕ್ಕೆ ಹಾಕುವುದೂ ತಪ್ಪು, ಏಕೆಂದರೆ ಎರಡು ಪ್ಲೇಟ್ ಕೊಡುವ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಎರಡೂ ತಮ್ಮ ತಮ್ಮ ಜಾಗದಲ್ಲೇ ಇರಬೇಕು. ಅಲ್ಲಿ ವರ್ಷದ ನೋಂದಣಿ ಸ್ಟಿಕ್ಕರ್ ಅಂಟಿರುವುದೂ ಹಿಂದಿನ ಪ್ಲೇಟಿನ ಮೇಲೆಯೇ. ನಂಬರನ್ನು ರಟ್ಟಿನ ಮೇಲೆ ಬರೆದು ತೂಗುಹಾಕುವುದು, ಬಣ್ಣದ ಪ್ರಿಂಟ್ ತೆಗೆದು ಅಂಟಿಸುವುದು, ಹಿಂಗಿಟಕಿಯ ಒಳಗೆ ಪ್ಲೇಟನ್ನು ಒರಗಿಸಿಡುವುದು ಇವು ಯಾವುದೂ ಪ್ಲೇಟ್ ಹಾಕಿದ್ದಕ್ಕೆ ಸಮವಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಬೇಕು. ಅನೇಕ ರಾಜ್ಯಗಳು ಚಕ್ರವಿಲ್ಲದ ಕ್ಯಾಂಪರನ್ನು ಟ್ರಕ್ಕು ಹೊತ್ತ ಸರಕೆಂದೇ ಎಣಿಸುತ್ತವೆ, ಅದಕ್ಕೆ ಬೇರೆ ನಂಬರ್ ಕೊಡುವುದಿಲ್ಲ. ಆದರೆ ವಾಷಿಂಗ್ಟನ್, ಆರೆಗಾನ್‌ನಂಥ ಕೆಲವು ರಾಜ್ಯಗಳು ಕ್ಯಾಂಪರಿಗೂ ಪ್ರತ್ಯೇಕ ನೋಂದಣಿ ಬೇಕೆನ್ನುತ್ತವೆ. ಹಾಗೆ ನೋಂದಾಯಿಸಿದ ಕ್ಯಾಂಪರಿನ ಗುರುತು ಟ್ರಕ್ಕಿನ ಪ್ಲೇಟಿನ ಬದಲಿಗೆ ಸಲ್ಲುವುದಿಲ್ಲ. ಎರಡೂ ತಮ್ಮ ಪಾಡಿಗೆ ಇರಬೇಕು. ನೀವು ಟ್ರಕ್ಕನ್ನು ನೋಂದಾಯಿಸಿರುವ ರಾಜ್ಯದ ಮೋಟಾರು ವಾಹನ ಇಲಾಖೆಯ ಪುಟದಲ್ಲಿ ಈ ಎರಡು ಅಂಶಗಳನ್ನು, ಅಂದರೆ ಎತ್ತರದ ಮಿತಿ ಮತ್ತು ಕ್ಯಾಂಪರಿನ ನೋಂದಣಿಯನ್ನು, ಮೊದಲು ನೋಡಿಕೊಳ್ಳಿ.

ಇನ್ನು ಜಾಗದ ಆಯ್ಕೆ. ಕ್ಯಾಂಪರಿನ ಹಿಂಗೋಡೆಯ ಎಡಗಡೆಯ ದೀಪವನ್ನು ಹತ್ತಿರದಿಂದ ನೋಡಿ. ಅನೇಕ ಕ್ಯಾಂಪರುಗಳಲ್ಲಿ ಆ ಕೆಂಪು ದೀಪದ ತಳದಲ್ಲಿ ಬಣ್ಣವಿಲ್ಲದ ಒಂದು ಪುಟ್ಟ ಕಿಂಡಿಯಿದ್ದು, ಅದರ ಕೆಳಗೆ ಪ್ಲೇಟ್ ಹಾಕಲು ತಗಡಿನ ಪಟ್ಟಿಯೂ ಇರುತ್ತದೆ. ಬಲಗಡೆಯ ದೀಪಕ್ಕೆ ಆ ಕಿಂಡಿ ಇರುವುದಿಲ್ಲ. ಇದ್ದರೆ ಅರ್ಧ ಕೆಲಸ ಕಾರ್ಖಾನೆಯಲ್ಲೇ ಆಗಿದೆ. ಆದರೆ ಎತ್ತರದ ನಾಲ್ಕು ಚಕ್ರ ಚಾಲನೆಯ ಟ್ರಕ್ಕಿನ ಮೇಲೆ ಕೂರಿಸಿದಾಗ ಅದೇ ಪಟ್ಟಿ 48 ಇಂಚು ದಾಟಿ ಹೋಗಬಹುದಾದ್ದರಿಂದ, ನೀರು, ಗ್ಯಾಸು, ಸಾಮಾನು ಎಲ್ಲ ತುಂಬಿ ಸ್ಪ್ರಿಂಗುಗಳು ಕುಸಿದ ಮೇಲೆ ನೆಲದಿಂದ ಪ್ಲೇಟಿನ ಮೇಲಂಚಿನವರೆಗೆ ಅಳೆಯಿರಿ. ಮಿತಿ ಮೀರಿದರೆ ಪ್ಲೇಟನ್ನು ಹಿಂಗೋಡೆಯ ಕೆಳಅಂಚಿಗೆ ಇಳಿಸಬೇಕು. ಬಾಗಿಲು ಸಾಮಾನ್ಯವಾಗಿ ನಡುವೆ ಇರುವುದರಿಂದ ಎಡಬದಿಯೇ ಅನುಕೂಲ; ಬಾಗಿಲು ಪೂರ್ತಿ ತೆರೆದಾಗಲೂ ಮೆಟ್ಟಿಲು ಇಳಿಸುವಾಗಲೂ ಅದು ತಗುಲದಂತೆ ನೋಡಿಕೊಳ್ಳಿ.

ಗೋಡೆಗೆ ತೂತು ಕೊರೆಯುವ ಮುನ್ನ ಎರಡು ಬಾರಿ ಯೋಚಿಸಿ. ಕ್ಯಾಂಪರಿಗೆ ಮಳೆನೀರಿಗಿಂತ ದೊಡ್ಡ ಶತ್ರುವಿಲ್ಲ. ಹೊರಗಿನ ಫೈಬರ್ ಹಾಳೆಯ ಹಿಂದೆ ಮರದ ಚೌಕಟ್ಟಿದ್ದರೆ, ಒಂದು ಸ್ಕ್ರೂವಿನ ಪಕ್ಕದಿಂದ ಒಳಹೋದ ನೀರು ವರ್ಷಗಟ್ಟಲೆ ಕಾಣದಂತೆ ಅದನ್ನು ಕೊಳೆಸುತ್ತದೆ. ಈಗಾಗಲೇ ಇರುವ ದೀಪದ ಸ್ಕ್ರೂಗಳಿಗೆ, ಕೆಳಗಿನ ಅಲ್ಯೂಮಿನಿಯಂ ಅಂಚಿಗೆ ಅಥವಾ ಕ್ಯಾಂಪರಿನದೇ ಬಂಪರಿಗೆ ಒಂದು ತಗಡಿನ ಬ್ರಾಕೆಟ್ ಸೇರಿಸಿ, ಅದಕ್ಕೆ ಪ್ಲೇಟ್ ಹಾಕುವ ದಾರಿಯನ್ನು ಮೊದಲು ಹುಡುಕಿ. ಕೊರೆಯಲೇಬೇಕಾದರೆ ತೂತಿನ ಸುತ್ತ ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿಯಾದ ಬ್ಯುಟೈಲ್ ಟೇಪ್ ಇಟ್ಟು, ಸ್ಟೇನ್‌ಲೆಸ್ ಸ್ಕ್ರೂ ಬಿಗಿದು, ಬ್ರಾಕೆಟ್ಟಿನ ಮೇಲಂಚು ಮತ್ತು ಎರಡೂ ಪಕ್ಕಗಳಿಗೆ ಸೀಲಂಟ್ ಬಳಿಯಿರಿ. ಒಳಸೇರಿದ ಹನಿಯಾದರೂ ಹೊರಬರಲೆಂದು ಕೆಳಅಂಚನ್ನು ತೆರೆದೇ ಬಿಡಿ. ಅಮೆರಿಕದ ಪ್ಲೇಟುಗಳು 12 ಇಂಚು ಅಗಲ, 6 ಇಂಚು ಎತ್ತರ ಇರುತ್ತವೆ, ಮೇಲಿನ ಎರಡು ತೂತುಗಳ ನಡುವೆ 7 ಇಂಚು ಅಂತರ. ಮೇಲಿನ ಎರಡೇ ಸ್ಕ್ರೂ ಹಾಕಿದರೆ ಹೆದ್ದಾರಿಯ ಗಾಳಿಗೆ ಪ್ಲೇಟ್ ಪಟಪಟ ಬಡಿದುಕೊಂಡು ತೂತಿನ ಬಳಿ ಸೀಳುತ್ತದೆ, ಹಾಗಾಗಿ ನಾಲ್ಕೂ ಮೂಲೆ ಹಿಡಿಯಿರಿ. ಕೀಲಿರುವ, ಮಡಚುವ ಬ್ರಾಕೆಟ್ ಬೇಡ. ಪ್ಲೇಟನ್ನು ಮರೆಮಾಡಲೆಂದು ತಿರುಗಿಸುವ ಸಾಧನಗಳನ್ನು ಟೆಕ್ಸಸ್ ಸೇರಿದಂತೆ ಹಲವು ರಾಜ್ಯಗಳು ಅಪರಾಧವೆಂದೇ ಪರಿಗಣಿಸುತ್ತವೆ. ಧೂಳು ತಡೆಯಲೆಂದು ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸುವುದೂ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಲ್ಲಿ ನಿಷಿದ್ಧ.

ದೀಪದ ಕೆಲಸಕ್ಕೆ ಹೆಚ್ಚಿನ ತಾಳ್ಮೆ ಬೇಕು. ಪ್ಲೇಟ್ ಜಾಗ ಬದಲಿಸಿದರೆ ಬಂಪರಿನಲ್ಲಿರುವ ದೀಪ ಅದರ ಜೊತೆ ಬರುವುದಿಲ್ಲ. ಹಗಲಲ್ಲಿ ಎಲ್ಲ ಸರಿಯಿದ್ದ ಗಾಡಿ ಸಂಜೆಯಾದೊಡನೆ ತಪ್ಪಿತಸ್ಥನಾಗುವುದು ಇದೇ ಕಾರಣಕ್ಕೆ. 12 ವೋಲ್ಟಿನ ಒಂದು ಸಣ್ಣ ಬಿಳಿ ಎಲ್‌ಇಡಿ ಪ್ಲೇಟ್ ದೀಪ ತಂದು, ಅದನ್ನು ಕ್ಯಾಂಪರಿನ ಟೈಲ್ ಲೈಟಿನ ತಂತಿಗೆ ಸೇರಿಸಬೇಕು, ಒಳಗಿನ ಮನೆದೀಪಗಳ ಬ್ಯಾಟರಿ ತಂತಿಗಲ್ಲ. ಆಗ ಮಾತ್ರ ಟ್ರಕ್ಕಿನ ಹೆಡ್‌ಲೈಟ್ ಹಾಕಿದೊಡನೆ ಅದೂ ತಾನಾಗಿ ಹೊತ್ತಿಕೊಳ್ಳುತ್ತದೆ. ತಂತಿಯ ಬಣ್ಣ ನೋಡಿ ಕೈಹಾಕುವುದು ಅಪಾಯ. ಸಾಮಾನ್ಯ ಟ್ರೇಲರ್ ವೈರಿಂಗ್ ಪದ್ಧತಿಯಲ್ಲಿ ಕಂದು ತಂತಿ ಟೈಲ್ ಲೈಟಿನದು, ಹಸಿರು ಬಲಗಡೆಯ ಇಂಡಿಕೇಟರಿನದು. ಕ್ಯಾಂಪರು ಮತ್ತು ಆರ್‌ವಿ (ಮನೆಯಂಥ ಪ್ರವಾಸಿ ವಾಹನ) ತಯಾರಕರು ಬಳಸುವ ಇನ್ನೊಂದು ಪದ್ಧತಿಯಲ್ಲಿ ಇವೆರಡೂ ಅದಲುಬದಲಾಗಿ, ಹಸಿರು ಟೈಲ್ ಲೈಟಿನದು, ಕಂದು ಬಲ ಇಂಡಿಕೇಟರಿನದು ಆಗಿರುತ್ತದೆ. ಹಾಗಾಗಿ ಟ್ರಕ್ಕಿಗೂ ಕ್ಯಾಂಪರಿಗೂ ನಡುವಿನ ಏಳು ಪಿನ್ನಿನ ಪ್ಲಗ್ ಸಿಕ್ಕಿಸಿ, ಒಬ್ಬರು ಒಳಗೆ ಕೂತು ಮೊದಲು ಪಾರ್ಕಿಂಗ್ ಲೈಟ್, ಆಮೇಲೆ ಇಂಡಿಕೇಟರ್, ಆಮೇಲೆ ಬ್ರೇಕ್ ಹಾಕುತ್ತಿರುವಾಗ ಇನ್ನೊಬ್ಬರು ಟೆಸ್ಟರ್ ಹಿಡಿದು ನೋಡಬೇಕು. ಪಾರ್ಕಿಂಗ್ ಲೈಟ್ ಹಾಕಿದಾಗ ಮಿನುಗದೆ ಒಂದೇ ಸಮನೆ 12 ವೋಲ್ಟ್ ಬರುವ, ಬ್ರೇಕಿಗಾಗಲಿ ಇಂಡಿಕೇಟರಿಗಾಗಲಿ ಸ್ಪಂದಿಸದ ತಂತಿಯೇ ನಿಮಗೆ ಬೇಕಾದ್ದು. ಜೋಡಣೆಯನ್ನು ಬರೀ ಇನ್ಸುಲೇಷನ್ ಟೇಪ್ ಸುತ್ತಿ ಬಿಡದೆ, ಬಿಸಿ ತಾಗಿಸಿದರೆ ಕುಗ್ಗಿ ಅಪ್ಪಿಕೊಳ್ಳುವ ಕೊಳವೆಯಿಂದ ಮುಚ್ಚಿ. ನೆಗೆಟಿವ್ ತಂತಿಯನ್ನು ತಗಡಿಗೆ ಸಿಕ್ಕಿಸುವ ಬದಲು ಕ್ಯಾಂಪರಿನ ಬಿಳಿ ಗ್ರೌಂಡ್ ತಂತಿಗೇ ಸೇರಿಸಿ. ಅಲ್ಯೂಮಿನಿಯಂ ಚೌಕಟ್ಟನ್ನು ನೆಚ್ಚಿದ ದೀಪಗಳು ತುಕ್ಕು ಹಿಡಿದ ಮೊದಲ ಚಳಿಗಾಲಕ್ಕೇ ಮಂಕಾಗುತ್ತವೆ.

ರಾತ್ರಿ ಗಾಡಿಯ ಹಿಂದೆ 50 ಅಡಿ ಅಳೆದು, ಕಾರಿನ ಸೀಟಿನಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಬಾಗಿ ನಿಂತು ಓದಿ ನೋಡಿ. ದೀಪ ನೇರವಾಗಿ ಹಿಂದಕ್ಕೆ ಹೊಳೆದರೆ ಅಕ್ಷರ ಕಾಣದೆ ಬೆಳಕಷ್ಟೇ ಕಾಣುತ್ತದೆ, ಆದ್ದರಿಂದ ಅದರ ಮುಖ ಪ್ಲೇಟಿನತ್ತ ವಾಲಿರಬೇಕು.

ಕ್ಯಾಂಪರ್ ಇಟ್ಟುಕೊಂಡವರು ಶಿಬಿರದ ಜಾಗದಲ್ಲಿ ಅದನ್ನು ಜ್ಯಾಕ್‌ಗಳ ಮೇಲೆ ಇಳಿಸಿ, ಬರೀ ಟ್ರಕ್ಕಿನಲ್ಲಿ ಊರು ಸುತ್ತಲು ಹೋಗುತ್ತಾರೆ. ಅದೇ ಇದರ ದೊಡ್ಡ ಸೌಕರ್ಯ. ಆಗ ಪ್ಲೇಟ್ ಕ್ಯಾಂಪರಿನಲ್ಲೇ ಉಳಿದು ಟ್ರಕ್ಕು ನಂಬರಿಲ್ಲದೆ ರಸ್ತೆಗಿಳಿಯುವ ಸಂಭವ ತೀರ ಹೆಚ್ಚು. ಕರ್ನಾಟಕದಲ್ಲಿ ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಒಮ್ಮೆ ಲಾಕ್ ಪಿನ್ ಹೊಡೆದು ಕೂರಿಸಿದರೆ ಪಿನ್ ಮುರಿಯದೆ ಬಿಚ್ಚಲಾಗದು, ಆದ್ದರಿಂದ ಅಲ್ಲಿಂದ ಬಂದವರಿಗೆ ಪ್ಲೇಟ್ ಬಿಚ್ಚಿ ಹಾಕುವ ರೂಢಿಯೇ ಇರುವುದಿಲ್ಲ. ಇದಕ್ಕೆ ನಾನು ಮೆಚ್ಚುವ ಪರಿಹಾರವೆಂದರೆ ಜೋಡಿ ಚೌಕಟ್ಟು. ಪ್ಲೇಟನ್ನು ಒಂದು ಗಟ್ಟಿ ಅಲ್ಯೂಮಿನಿಯಂ ಹಲಗೆಗೆ ನಾಲ್ಕು ಬೋಲ್ಟಿನಿಂದ ಶಾಶ್ವತವಾಗಿ ಬಿಗಿದು, ಆ ಹಲಗೆ ಜಾರಿ ಕೂರುವ ಒಂದೇ ಅಳತೆಯ ಚೌಕಟ್ಟುಗಳನ್ನು ಬಂಪರಿನಲ್ಲೊಂದು, ಕ್ಯಾಂಪರಿನಲ್ಲೊಂದು ಹಾಕಿಸಿದರೆ, ಎರಡು ರೆಕ್ಕೆ ನಟ್ಟು ಬಿಚ್ಚಿ ಪ್ಲೇಟನ್ನು ಒಂದರಿಂದ ಇನ್ನೊಂದಕ್ಕೆ ನಿಮಿಷದೊಳಗೆ ಸಾಗಿಸಬಹುದು. ಕೈಯಲ್ಲಿ ಬಿಚ್ಚಲು ಬರುವುದನ್ನು ಕಳ್ಳರೂ ಬಿಚ್ಚಬಲ್ಲರಾದ್ದರಿಂದ ಒಂದು ನಟ್ಟಿನ ಬದಲು ಪುಟ್ಟ ಬೀಗ ಹಾಕಿ, ಅದರ ಕೀಲಿಯನ್ನು ಟ್ರಕ್ಕಿನ ಕೀಲಿಗೊಂಚಲಿಗೇ ಸೇರಿಸಿ. ಕ್ಯಾಂಪರ್ ಇಳಿಸುವಾಗ ಏಳು ಪಿನ್ನಿನ ಪ್ಲಗ್ ಕಳಚುವ ಗಳಿಗೆಯಲ್ಲೇ ಪ್ಲೇಟನ್ನೂ ಕಳಚಿ ಬಂಪರಿಗೆ ಹಾಕುವುದನ್ನು ಅಭ್ಯಾಸ ಮಾಡಿಕೊಂಡರೆ ಮರೆಯುವುದಿಲ್ಲ, ಏಕೆಂದರೆ ಪ್ಲಗ್ ಕಳಚದೆ ಟ್ರಕ್ಕನ್ನು ಮುಂದಕ್ಕೆ ತೆಗೆಯುವಂತೆಯೇ ಇಲ್ಲ.

ಹಿಂದೆ ದೋಣಿಯ ಟ್ರೇಲರನ್ನೂ ಎಳೆಯುವುದಾದರೆ ಅದಕ್ಕೆ ಅದರದೇ ಪ್ಲೇಟು, ಅದರದೇ ದೀಪ ಇರಬೇಕು. ಟ್ರಕ್ಕಿನ ಪ್ಲೇಟ್ ಕ್ಯಾಂಪರಿನ ಮೇಲೆ ಇದ್ದಂತೆಯೇ ಇರಲಿ.

ದಾರಿಯಲ್ಲಿ ಡೀಸೆಲ್ ಹಾಕಿಸಲು ನಿಲ್ಲಿಸಿದಾಗಲೆಲ್ಲ ಪ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಾಲ್ಕೂ ಮೂಲೆಯನ್ನು ಬೆರಳಿನಿಂದ ಅಲುಗಿಸಿ ನೋಡಿ. ಮಣ್ಣುರಸ್ತೆಯಲ್ಲಿ ಹೋಗಿ ಬಂದ ಮೇಲೆ ಕ್ಯಾಂಪರಿನ ಹಿಂಗೋಡೆ ಬೇರೆಲ್ಲ ಕಡೆಗಿಂತ ಹೆಚ್ಚು ಧೂಳು ಹಿಡಿದಿರುತ್ತದೆ, ಏಕೆಂದರೆ ಓಡುವ ಗಾಡಿಯ ಬೆನ್ನ ಹಿಂದೆ ಸುಳಿಯುವ ಗಾಳಿ ಧೂಳನ್ನು ಅಲ್ಲಿಗೇ ಎಳೆದು ತರುತ್ತದೆ. ಪ್ಲೇಟಿನ ಒಂದು ಸ್ಪಷ್ಟ ಫೋಟೊ ಫೋನಿನಲ್ಲಿರಲಿ, ನೋಂದಣಿ ಪತ್ರ ಕ್ಯಾಂಪರಿನ ಡ್ರಾಯರಿನಲ್ಲಿರದೆ ಟ್ರಕ್ಕಿನ ಕ್ಯಾಬಿನ್‌ನಲ್ಲೇ ಇರಲಿ. ಪ್ಲೇಟ್ ಬಿದ್ದುಹೋದರೆ ಅಥವಾ ಕಳವಾದರೆ ಇರುವ ಊರಿನ ಪೊಲೀಸರಿಗೆ ಆಗಲೇ ತಿಳಿಸಿ ವರದಿಯ ಸಂಖ್ಯೆ ಬರೆಸಿಕೊಳ್ಳಿ, ಬದಲಿ ಪ್ಲೇಟಿಗೆ ನಿಮ್ಮ ರಾಜ್ಯದ ಇಲಾಖೆಗೇ ಅರ್ಜಿ ಹಾಕಿ. ಕ್ಯಾಲಿಫೋರ್ನಿಯಾದವರು ಅದಕ್ಕೆ ತುಂಬಬೇಕಾದ ನಮೂನೆ ಆರ್‌ಇಜಿ 156.