ಹೊಗೆಯಾಡುವ ಎಣ್ಣೆ, ಉಬ್ಬುವ ಹಿಟ್ಟು

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಲೀಡ್ಸ್‌ಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಮಾಡಿದ ಯಾರ್ಕ್‌ಷೈರ್ ಪುಡ್ಡಿಂಗ್ ಉಬ್ಬಲೇ ಇಲ್ಲ. ಹನ್ನೆರಡು ಗುಳಿಗಳ ತಟ್ಟೆಯಲ್ಲಿ ಹನ್ನೆರಡು ಬಿಲ್ಲೆಗಳು ಎಣ್ಣೆ ಕುಡಿದು ಮೆತ್ತಗೆ ಕುಳಿತಿದ್ದವು. ಹೆಸರು ಪುಡ್ಡಿಂಗ್ ಎಂದಿದ್ದರೂ ಇದು ಸಿಹಿಯಲ್ಲ, ಭಾನುವಾರದ ಊಟದಲ್ಲಿ ಹುರಿದ ಮಾಂಸದ ಜೊತೆ ಬಡಿಸುವ ಖಾದ್ಯ.

ಹಿಟ್ಟಿನಲ್ಲಿ ನನ್ನ ತಪ್ಪೇನೂ ಇರಲಿಲ್ಲ. ನಾಲ್ಕು ಮೊಟ್ಟೆಗಳನ್ನು ಒಂದು ಲೋಟಕ್ಕೆ ಒಡೆದು, ಅವು ಎಲ್ಲಿಯವರೆಗೆ ಬರುತ್ತವೆಯೋ ಅದೇ ಅಳತೆಗೆ ಮೈದಾ ಮತ್ತು ಹಾಲನ್ನು ತೆಗೆದುಕೊಂಡು, ಚಿಟಿಕೆ ಉಪ್ಪು ಹಾಕಿ ಗಂಟಿಲ್ಲದಂತೆ ಕಲಸಿ ಒಂದು ಗಂಟೆ ಬಿಟ್ಟಿದ್ದೆ. ದೋಸೆ ಹಿಟ್ಟಿನ ಹಾಗೆ ಇದು ಹುದುಗುವುದಿಲ್ಲ, ಇದಕ್ಕೆ ಸೋಡಾವನ್ನೂ ಹಾಕುವುದಿಲ್ಲ. ಹಿಟ್ಟಿನ ನೀರು ಥಟ್ಟನೆ ಆವಿಯಾಗಿ ಒಳಗಿನಿಂದ ಮೇಲಕ್ಕೆ ತಳ್ಳುವುದರಿಂದಷ್ಟೇ ಅದು ಉಬ್ಬುತ್ತದೆ. ನಾನು ತಣ್ಣನೆಯ ಎಣ್ಣೆಯ ಮೇಲೆ ಹಿಟ್ಟು ಸುರಿದದ್ದೇ ಎಡವಟ್ಟಾಗಿತ್ತು.

ಈಗ ಓವನ್ನನ್ನು 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಪ್ರತಿ ಗುಳಿಗೂ ಒಂದು ಚಮಚ ಸೂರ್ಯಕಾಂತಿ ಎಣ್ಣೆ ಹಾಕಿ, ಅದು ಸಣ್ಣಗೆ ಹೊಗೆಯಾಡುವವರೆಗೆ ಸುಮಾರು ಹತ್ತು ನಿಮಿಷ ಒಳಗಿಡುತ್ತೇನೆ. ಹಿಟ್ಟು ಬಿದ್ದೊಡನೆ ಚುಂಯ್ ಎನ್ನಬೇಕು. ಆ ಸದ್ದು ಕೇಳಿಸದಿದ್ದರೆ ಮುಂದಿನದನ್ನು ನಂಬಿ ಪ್ರಯೋಜನವಿಲ್ಲ. ಆಮೇಲೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬಾಗಿಲನ್ನು ಮುಟ್ಟಬಾರದು. ಕುತೂಹಲ ತಾಳಲಾರದೆ ಒಮ್ಮೆ ತೆರೆದು ನೋಡಿದಾಗ, ಗಟ್ಟಿಯಾಗದ ಗೋಡೆಗಳು ಕಣ್ಣೆದುರೇ ಕುಸಿದವು. ಪುಡ್ಡಿಂಗ್ ಕನಿಷ್ಠ ನಾಲ್ಕು ಅಂಗುಲ ಎತ್ತರವಿರಬೇಕೆಂದು ಬ್ರಿಟನ್ನಿನ ರಸಾಯನವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2008ರಲ್ಲಿ ಸಾರಿತ್ತು; ನನ್ನವು ಮೂರನ್ನು ದಾಟಿದರೆ ನನಗೆ ಸಾಕು.

ಹಿಂದೆ ಬೆಂಕಿಯೆದುರು ತಿರುಗುತ್ತ ಬೇಯುವ ಮಾಂಸದಡಿ ಹಿಟ್ಟಿನ ತಟ್ಟೆಯಿಟ್ಟು, ತೊಟ್ಟಿಕ್ಕುವ ಕೊಬ್ಬಿನಲ್ಲೇ ಬೇಯಿಸುತ್ತಿದ್ದರು. ಹ್ಯಾನಾ ಗ್ಲಾಸ್ 1747ರ ತಮ್ಮ ಅಡುಗೆ ಪುಸ್ತಕದಲ್ಲಿ ಇದನ್ನು ಯಾರ್ಕ್‌ಷೈರ್ ಹೆಸರಿನಲ್ಲೇ ಬರೆದಿದ್ದಾರೆ. ಮಾಂಸ ದುಬಾರಿಯಾಗಿದ್ದ ಮನೆಗಳಲ್ಲಿ ಮೊದಲು ಗ್ರೇವಿಯೊಡನೆ ಪುಡ್ಡಿಂಗನ್ನೇ ಬಡಿಸಿ ಅರ್ಧ ಹೊಟ್ಟೆ ತುಂಬಿಸುತ್ತಿದ್ದರಂತೆ. ನಾವು ಮಾಂಸ ತಿನ್ನದ ಕಾರಣ ಈರುಳ್ಳಿಯನ್ನು ಕಂದುಬಣ್ಣ ಬರುವವರೆಗೆ ಬಾಡಿಸಿ ಮಾಡಿದ ಗ್ರೇವಿಯನ್ನು ಆ ಬಟ್ಟಲಿನಂಥ ಗುಳಿಗೆ ತುಂಬಿಕೊಳ್ಳುತ್ತೇವೆ. ಅಂಚು ಗರಿಗರಿಯಾಗಿರುವಾಗಲೇ ತಿನ್ನಬೇಕು. ಉಳಿದವಕ್ಕೆ ಮಕ್ಕಳು ಸಂಜೆ ಜಾಮ್ ಸವರಿಕೊಳ್ಳುತ್ತಾರೆ, ಅದೂ ಇಲ್ಲಿನ ಹಳೆಯ ರೂಢಿಯೇ.