ಬೆಂಡು ಮತ್ತು ಬೋಲ್ಟ್ ರಿಗ್: ಕೆನೆಟ್ ಕಣಿವೆಯಲ್ಲಿ ನನ್ನ ಅನುಭವ

ಸಾಲ್ಮನ್, ಟ್ರೌಟ್ ಜಾತಿಗಳನ್ನು ಬಿಟ್ಟು ಉಳಿದ ಸಿಹಿನೀರಿನ ಮೀನುಗಳನ್ನು ಗಾಳ ಹಾಕಿ ಹಿಡಿಯುವ ಹವ್ಯಾಸಕ್ಕೆ ಇಂಗ್ಲೆಂಡಿನಲ್ಲಿ ಕೋರ್ಸ್ ಫಿಶಿಂಗ್ ಎನ್ನುತ್ತಾರೆ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದು ಇಲ್ಲಿನ ರೂಢಿ. ಉದ್ಯೋಗಕ್ಕಾಗಿ ಬರ್ಕ್‌ಷೈರ್‌ಗೆ ಬಂದು ನೆಲೆಸಿದ ನಾನು, ಕೆನೆಟ್ ಕಣಿವೆಯಲ್ಲಿ ಜಲ್ಲಿ ತೆಗೆದ ಮೇಲೆ ನೀರು ತುಂಬಿಕೊಂಡ ಹಳೆಯ ಹೊಂಡಗಳ ದಡದಲ್ಲಿ ಇದನ್ನು ಕಲಿತೆ. ಆಗ ಅಕ್ಕಪಕ್ಕ ಕೂತವರೆಲ್ಲ ಕೊಡುತ್ತಿದ್ದ ಸಲಹೆ ಒಂದೇ: ಬೋಲ್ಟ್ ರಿಗ್ ಕಟ್ಟಿಕೊಳ್ಳಿ, ಮೀನು ತಾನಾಗಿಯೇ ಸಿಕ್ಕಿಬೀಳುತ್ತದೆ. ರಿಗ್ ಎಂದರೆ ದಾರದ ತುದಿಗೆ ಕೊಕ್ಕೆ, ಎರೆ, ಸೀಸಗಳನ್ನು ಕಟ್ಟುವ ಬಗೆ.

ಸಲಹೆಯೇನೋ ನಿಜವೇ. ನಮ್ಮ ಕಡೆ ಸಾಮಾನ್ಯ ಗೆಂಡೆ ಎನ್ನುವ ಕಾರ್ಪ್ ಮೀನು ಆಹಾರವನ್ನು ಬಾಯೊಳಗೆ ಹೀರಿ, ಅನುಮಾನ ಬಂದರೆ ಅಷ್ಟೇ ಬೇಗ ಉಗುಳಿಬಿಡುತ್ತದೆ. 1980ರ ಆಸುಪಾಸಿನಲ್ಲಿ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ರೂಪಿಸಿದ ಹೇರ್ ರಿಗ್‌ನಲ್ಲಿ ಎರೆಯನ್ನು ಕೊಕ್ಕೆಗೆ ಚುಚ್ಚದೆ, ಕೊಕ್ಕೆಯಿಂದ ಇಳಿಬಿಟ್ಟ ಸಣ್ಣ ಎಳೆಯೊಂದಕ್ಕೆ ಪೋಣಿಸುತ್ತಾರೆ. ಮೀನು ಎರೆಯನ್ನು ಉಗುಳುವಾಗ ಬರಿದಾಗಿರುವ ಕೊಕ್ಕೆಯ ಮೊನೆ ತುಟಿಗೆ ತಾಗುತ್ತದೆ. ಬೋಲ್ಟ್ ರಿಗ್‌ನಲ್ಲಿ ಇದಕ್ಕೆ ಭಾರದ ಸೀಸವೂ ಸೇರುತ್ತದೆ: ಬೆದರಿ ಓಡಲು ಹೊರಟ ಮೀನಿಗೆ ಸುಮಾರು 85 ಗ್ರಾಂ ತೂಕದ ಸೀಸ ಅಡ್ಡಬಂದು, ಆ ಎಳೆತಕ್ಕೇ ಕೊಕ್ಕೆ ನಾಟಿಕೊಳ್ಳುತ್ತದೆ. ದಡದಲ್ಲಿರುವವನು, ಮೀನು ದಾರ ಎಳೆದಾಗ ಸದ್ದು ಮಾಡುವ ಅಲಾರಂ ಕೂಗಿದ ಮೇಲೆ ಕೋಲು ಎತ್ತಿಕೊಂಡರೆ ಸಾಕು. ಇದನ್ನು ಮೋಸವೆಂದು ಹಳಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೊಕ್ಕೆ ಸಾಮಾನ್ಯವಾಗಿ ತುಟಿಯಲ್ಲೇ ನಿಲ್ಲುವುದರಿಂದ ಗಂಟಲಿಗೆ ಇಳಿದು ಮೀನಿಗೆ ಆಗುವ ಹಾನಿ ಕಡಿಮೆ. ಆದರೂ ಇಂಗ್ಲೆಂಡಿನ ಹೆಸರಾಂತ ಗಾಳಗಾರ ರಿಚರ್ಡ್ ವಾಕರ್ 1952ರಲ್ಲಿ ರೆಡ್‌ಮೈರ್ ಕೊಳದಲ್ಲಿ 44 ಪೌಂಡ್, ಅಂದರೆ ಹೆಚ್ಚುಕಡಿಮೆ 20 ಕಿಲೋ ತೂಗಿದ ಕಾರ್ಪ್ ಹಿಡಿದಾಗ ಈ ರಿಗ್‌ಗಳು ಯಾವುವೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ನನ್ನ ತಕರಾರು ಬೇರೆ. ಬೋಲ್ಟ್ ರಿಗ್ ನನಗೆ ತಿಳಿಸುತ್ತಿದ್ದುದು ಮೀನು ಸಿಕ್ಕಿತು ಎಂಬ ಒಂದೇ ಸಂಗತಿ. ಮೀನು ಎರೆಯ ಹತ್ತಿರ ಬಂದಿತ್ತೇ, ಮೂಸಿ ಬಿಟ್ಟುಹೋಯಿತೇ, ಅಲ್ಲಿ ಮೀನೇ ಇರಲಿಲ್ಲವೇ ಎಂಬುದಕ್ಕೆ ಅದರಿಂದ ಉತ್ತರವಿಲ್ಲ. ಇಡೀ ಬೆಳಗು ಅಲಾರಂ ಸುಮ್ಮನಿದ್ದರೆ ಏನು ಬದಲಿಸಬೇಕೆಂದು ತಿಳಿಯದೆ ಸುಮ್ಮನೆ ಕೂತಿರಬೇಕು. ಹೀಗಾಗಿ, ಕೆಸರಿನ ತಳದಲ್ಲಿ ಮೇಯುವ ಟೆಂಚ್ ಮೀನಿಗೆ ನಾನು ನೀರಿನ ಮೇಲೆ ತೇಲುತ್ತ ಕಚ್ಚುವಿಕೆಯನ್ನು ತೋರಿಸುವ ಬೆಂಡು ಕಟ್ಟಲು ಶುರುಮಾಡಿದೆ.

ಇಲ್ಲಿ ಲಿಫ್ಟ್ ಎಂದು ಕರೆಯುವ ಹಳೆಯ ವಿಧಾನವನ್ನೇ ನಾನು ಹೆಚ್ಚಾಗಿ ಬಳಸುತ್ತೇನೆ. ಬೆಂಡು ನವಿಲುಗರಿಯ ದಂಟಿನದು. ಅದರ ಬುಡವನ್ನು ಮಾತ್ರ ಸಣ್ಣ ರಬ್ಬರ್ ಕೊಳವೆಯಿಂದ ದಾರಕ್ಕೆ ಸಿಕ್ಕಿಸಬೇಕು. ಕೊಕ್ಕೆಯಿಂದ ಎರಡು ಬೆರಳಿನಷ್ಟು ಮೇಲೆ, ಬೆಂಡನ್ನು ಮುಳುಗಿಸುವಷ್ಟು ಭಾರದ ಒಂದೇ ಒಂದು ಲೋಹದ ಗುಂಡು ಇರಬೇಕು. ಬೆಂಡಿನಿಂದ ಗುಂಡಿನವರೆಗಿನ ದಾರವನ್ನು ನೀರಿನ ಆಳಕ್ಕಿಂತ ಸ್ವಲ್ಪ ಉದ್ದವಾಗಿ ಬಿಟ್ಟು, ಗುಂಡು ತಳದಲ್ಲಿ ಕೂತ ಮೇಲೆ, ಬೆಂಡು ನೆಟ್ಟಗೆ ನಿಂತು ತುದಿಯಷ್ಟೇ ಕಾಣುವ ತನಕ ದಾರವನ್ನು ಬಿಗಿಗೊಳಿಸುತ್ತೇನೆ. ಟೆಂಚ್ ತಲೆ ತಗ್ಗಿಸಿ ಎರೆ ತೆಗೆದುಕೊಂಡು ಮೇಲೆತ್ತಿದಾಗ ಗುಂಡೂ ಜೊತೆಗೆ ಏಳುತ್ತದೆ, ಭಾರ ಕಳೆದುಕೊಂಡ ಬೆಂಡು ನಿಧಾನವಾಗಿ ಮೇಲೆದ್ದು ಅಡ್ಡಬೀಳುತ್ತದೆ. ಅದು ಏಳುತ್ತಿರುವಾಗಲೇ ಕೋಲು ಎತ್ತಿ ಜಗ್ಗಬೇಕು.

ಆದರೆ ಬೆಂಡಿನ ಅಲುಗಾಟವೆಲ್ಲ ಕಚ್ಚುವಿಕೆಯಲ್ಲ. ಮೀನಿನ ಮೈ ದಾರಕ್ಕೆ ಸವರಿದರೆ ಬೆಂಡು ಒಮ್ಮೆ ಥಟ್ಟನೆ ಮುಳುಗಿ ಎದ್ದುಬಿಡುತ್ತದೆ. ಆಗ ಜಗ್ಗಿದರೆ ಮೇಯುತ್ತಿರುವ ಹಿಂಡೇ ಚದುರುತ್ತದೆ. ಇಂಥ ಸವರುವಿಕೆ ಹೆಚ್ಚಾದರೆ ಮೀನು ತಳದಲ್ಲಿ ತಲೆ ತಗ್ಗಿಸಿ ಮೇಯುವ ಬದಲು ನಡುನೀರಿನಲ್ಲಿ ಸುತ್ತುತ್ತಿದೆ ಎಂದು ಊಹಿಸಿ, ಮೀನನ್ನು ಸೆಳೆಯಲು ಮುಸುಕಿನ ಜೋಳದ ಕಾಳು ಎರಚುವುದನ್ನು ಕಡಿಮೆ ಮಾಡುತ್ತೇನೆ. ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದರೆ ಟೆಂಚ್ ಕೆಸರು ಕೆದಕುತ್ತಿದೆ ಎಂದು ತಿಳಿದು, ಕಾಳು ಹಾಕಿದ ಜಾಗದ ಅಂಚಿಗೆ ಎರೆಯನ್ನು ಸರಿಸುತ್ತೇನೆ. ಈ ತಿಳಿವಳಿಕೆಯನ್ನು ನನಗೆ ಕೊಟ್ಟದ್ದು ಬಹುಮಟ್ಟಿಗೆ ತಪ್ಪಿಹೋದ ಮೀನುಗಳು. ಬೋಲ್ಟ್ ರಿಗ್ಗಿನಲ್ಲಿ ತಪ್ಪಿಹೋದ ಮೀನು ಕಣ್ಣಿಗೆ ಬೀಳುವುದೇ ಇಲ್ಲ.

ಚಳಿಗಾಲದ ರೋಚ್ ಮೀನಿನ ವಿಷಯದಲ್ಲಂತೂ ನನಗೆ ಎರಡು ಮನಸ್ಸಿಲ್ಲ. ಹರಿವ ನೀರಿನಲ್ಲಿ ಬೆಂಡನ್ನು ತೇಲಿಬಿಟ್ಟು, ಆಗಾಗ ತುಸು ತಡೆದು, ಎರೆ ಮುಂದಾಗಿ ಸಾಗುವಂತೆ ನಡೆಸುವ ಕೈಗೆ ಯಾವ ರಿಗ್ಗೂ ಸಮನಲ್ಲ.

ಹಾಗೆಂದು ರಿಗ್ಗನ್ನು ನಾನು ಬಿಟ್ಟಿಲ್ಲ. ಗಾಳಿ ಜೋರಾಗಿ ಬೆಂಡಿನ ತುದಿ ಕಾಣದಿದ್ದಾಗ, ಅಥವಾ ಮೀನು ಬೆಂಡಿಗೆ ಎಟುಕದಷ್ಟು ದೂರದಲ್ಲಿದ್ದಾಗ ಅದನ್ನೇ ಹಾಕುತ್ತೇನೆ. ಆಗಲೂ ಕೋಲಿನ ಪಕ್ಕದಿಂದ ಏಳುವುದಿಲ್ಲ. ನೀರಿನಲ್ಲಿ ಗಾಳವಿಟ್ಟು ಕೋಲನ್ನು ಬಿಟ್ಟುಹೋಗುವುದು ಇಂಗ್ಲೆಂಡಿನ ನಿಯಮದ ಪ್ರಕಾರ ಅಪರಾಧ, ತಾನೇ ಸಿಕ್ಕಿಬೀಳುವ ಮೀನಿನ ಮಟ್ಟಿಗೆ ಅದು ಕ್ರೌರ್ಯವೂ ಹೌದು. ದಾರ ತುಂಡಾದರೂ ಮೀನು ಸೀಸವನ್ನು ಎಳೆದುಕೊಂಡು ಪಾಚಿಗಿಡಗಳಲ್ಲಿ ಸಿಲುಕಬಾರದು. ಆದ್ದರಿಂದ ಪ್ರತಿ ಸಲ ಎಸೆಯುವ ಮುನ್ನ ಸೀಸವನ್ನು ಕೈಯಲ್ಲಿ ಹಿಡಿದು ಜಗ್ಗಿ, ಅದು ಕ್ಲಿಪ್ಪಿನಿಂದ ಸಲೀಸಾಗಿ ಕಳಚಿಕೊಳ್ಳುತ್ತದೆಯೇ ಎಂದು ನೋಡುತ್ತೇನೆ. ಕಳಚದಿದ್ದರೆ ಆ ರಿಗ್ಗನ್ನು ಕತ್ತರಿಸಿ ಹೊಸದನ್ನು ಕಟ್ಟುತ್ತೇನೆ.