ಜೀವಕೋಶದೊಳಗಿನ ಓಡಾಟ ನೋಡುವುದು ಹೇಗೆ?

ಪಠ್ಯಪುಸ್ತಕದ ಚಿತ್ರದಲ್ಲಿ ಕಣದಂಗಗಳು, ಅಂದರೆ ಕೋಶದೊಳಗೆ ಬೇರೆ ಬೇರೆ ಕೆಲಸ ಮಾಡುವ ಪುಟ್ಟ ಭಾಗಗಳು, ಅಲುಗಾಡದೆ ಕೂತಿರುತ್ತವೆ. ನಿಜವಾದ ಕೋಶದಲ್ಲಿ ಅವು ಓಡಾಡುತ್ತವೆ, ಶಾಲೆಯ ಸೂಕ್ಷ್ಮದರ್ಶಕದಲ್ಲೇ ಅದು ಕಾಣುತ್ತದೆ. ಈರುಳ್ಳಿಯಿಂದ ಆರಂಭಿಸುವುದು ರೂಢಿ. ಆದರೆ ಮಕ್ಕಳಿಗೆ ತೋರಿಸುವುದಾದರೆ ಹೈಡ್ರಿಲ್ಲಾದಿಂದಲೇ ಶುರುಮಾಡಿ.

ಹೈಡ್ರಿಲ್ಲಾ ಕೆರೆಯ ನೀರಿನಲ್ಲಿ ಬೆಳೆಯುವ ಗಿಡ. ಅಕ್ವೇರಿಯಂ ಅಂಗಡಿಯಲ್ಲೂ ಸಿಗುತ್ತದೆ. ನೀರು ತುಂಬಿದ ಗಾಜಿನ ಲೋಟದಲ್ಲಿ ಅದನ್ನು ಅರ್ಧ ಗಂಟೆ ಬೆಳಕಿಗಿಡಿ. ತುದಿಯ ಹತ್ತಿರದ ಎಳೆ ಎಲೆಯೊಂದನ್ನು ಕಿತ್ತು, ಸ್ಲೈಡ್ ಮೇಲೆ ಅದೇ ನೀರಿನ ಹನಿಯಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿ, ಒತ್ತಬೇಡಿ. ಎಲೆಯಲ್ಲಿ ಹೆಚ್ಚಿನ ಕಡೆ ಎರಡೇ ಪದರ ಕೋಶಗಳಿರುವುದರಿಂದ ಕತ್ತರಿಸುವ ಕೆಲಸವಿಲ್ಲ. ಬಣ್ಣವೂ ಬೇಡ, ನಮಗೆ ಬೇಕಿರುವುದು ಬದುಕಿರುವ ಕೋಶ.

ಮೊದಲು 10ರ ಮಸೂರದಲ್ಲಿ ನಡುನರ ಹುಡುಕಿ, ಬಳಿಕ 40ರ ಮಸೂರಕ್ಕೆ ಹೋಗಿ. ನರದ ಉದ್ದನೆಯ ಕೋಶಗಳಲ್ಲಿ ಚಲನೆ ಬೇಗ ಗೊತ್ತಾಗುತ್ತದೆ. ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣದಂಗಗಳಾದ ಕ್ಲೋರೋಪ್ಲಾಸ್ಟ್‌ಗಳು ಕೋಶಭಿತ್ತಿಯ ಅಂಚು ಹಿಡಿದು, ತೇರಿನ ಬೀದಿಯಲ್ಲಿ ಜನ ಸಾಗಿದಂತೆ, ಒಂದರ ಹಿಂದೊಂದು ಸುತ್ತು ಹಾಕುತ್ತಿರುತ್ತವೆ. ಏನೂ ಚಲಿಸದಿದ್ದರೆ ಕೆಲವು ನಿಮಿಷ ಕಾಯಿರಿ. ನೀರು ತಣ್ಣಗಿದ್ದರೆ ಹರಿವು ನಿಧಾನ, ಉಗುರುಬೆಚ್ಚಗಿನ ನೀರಿನ ಹನಿ ಹಾಕಿ ನೋಡಿ.

ಅಂಚಿನಲ್ಲೇ ಏಕೆ? ನಡುವಿನ ಜಾಗವನ್ನೆಲ್ಲ ದೊಡ್ಡ ರಸದಾನಿ (ರಸ ತುಂಬಿದ ಚೀಲ, ವ್ಯಾಕ್ಯೂಲ್) ಆಕ್ರಮಿಸಿಕೊಂಡಿದೆ. ಕಣದಂಗಗಳು ತೇಲುವ ಲೋಳೆಯಂಥ ಕೋಶದ್ರವ್ಯಕ್ಕೆ ಉಳಿದಿರುವುದು ಅಂಚಿನ ತೆಳು ಪದರ. ಅಲ್ಲಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ಮಯೋಸಿನ್ ಪ್ರೋಟೀನುಗಳು ಕಣದಂಗಗಳನ್ನು ಎಳೆದೊಯ್ಯುತ್ತವೆ, ಅವುಗಳ ಜೊತೆಗೆ ಕೋಶದ್ರವ್ಯವೂ ಹರಿಯುತ್ತದೆ. ಇಟಲಿಯ ಬೊನಾವೆಂತುರಾ ಕೋರ್ತಿ 1774ರಲ್ಲೇ ಈ ಹರಿವನ್ನು ವರದಿ ಮಾಡಿದ್ದರು. ಎರಡೂವರೆ ಶತಮಾನದ ಹಿಂದೆ ಅವರು ಬೆರಗಾಗಿ ನೋಡಿದ್ದನ್ನು ಇಂದು ಪ್ರತಿ ಮಗುವೂ ನೋಡಬೇಕು.

ಈಗ ಈರುಳ್ಳಿ. ಎಸಳಿನ ಒಳಮೈಯ ತೆಳು ಪೊರೆ ಸುಲಿದು, ತಿಳಿಯಾದ ಅಯೋಡಿನ್ ಹನಿ ಹಾಕಿ. ಗಿಡದ್ದೇ ಕೋಶವಾದರೂ ಹಸಿರಿಲ್ಲ: ಮಣ್ಣೊಳಗಿನ ಗೆಡ್ಡೆಗೆ ಕ್ಲೋರೋಪ್ಲಾಸ್ಟ್ ಅಗತ್ಯವಿಲ್ಲ. ಕೋಶಕೇಂದ್ರ ಮಾತ್ರ ಸ್ಪಷ್ಟ, ಅದೂ ಎಷ್ಟೋ ಕೋಶಗಳಲ್ಲಿ ರಸದಾನಿಯ ಒತ್ತಡಕ್ಕೆ ಬದಿಗೆ ಸರಿದಿರುತ್ತದೆ.

ನಿಮ್ಮದೇ ಕೋಶಕ್ಕೆ, ಬಾಯಿ ಮುಕ್ಕಳಿಸಿ ಕೆನ್ನೆಯ ಒಳಭಾಗವನ್ನು ಶುಭ್ರವಾದ ಇಯರ್‌ಬಡ್‌ನಿಂದ ಮೆಲ್ಲಗೆ ಸವರಿ ಸ್ಲೈಡ್‌ಗೆ ಹಚ್ಚಿ, ಮೆಥಿಲೀನ್ ಬ್ಲೂ ಹನಿಸಿ. ಕಡ್ಡಿಯನ್ನು ಕೂಡಲೇ ಎಸೆಯಿರಿ. ಕೋಶಭಿತ್ತಿಯಿಲ್ಲದ್ದರಿಂದ ಅಂಚು ಅಂಕುಡೊಂಕು. ದೊಡ್ಡ ರಸದಾನಿಯೂ ಇಲ್ಲ, ಹಾಗಾಗಿ ಕೋಶದ್ರವ್ಯ ಉದ್ದಕ್ಕೂ ಹರಡಿ, ನೀಲಿ ಕೋಶಕೇಂದ್ರ ನಡುವೆ ಕೂತಿರುತ್ತದೆ. ಮೊಸರಿನ ತಿಳಿನೀರಿಗೂ ಇದೇ ಬಣ್ಣ ಹಾಕಬಹುದು. ಅದರ ಬ್ಯಾಕ್ಟೀರಿಯಾಗಳು ಸಣ್ಣ ಕಡ್ಡಿ, ಚುಕ್ಕೆಗಳಂತೆ ಕಂಡಾವು, ಅವಕ್ಕೆ ಕೋಶಕೇಂದ್ರವೇ ಇಲ್ಲ.

ಕಂಡದ್ದನ್ನಷ್ಟೇ ಬರೆದುಕೊಳ್ಳಿ. ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೋಮೀಟರಿಗಿಂತ ಚಿಕ್ಕ ವಿವರಗಳನ್ನು ಬಿಡಿಸಿ ತೋರಿಸಲಾರದು. ಪ್ರೋಟೀನು ತಯಾರಿಸುವ ರೈಬೋಸೋಮ್‌ಗಳ ಗಾತ್ರ 20ರಿಂದ 30 ನ್ಯಾನೋಮೀಟರ್ ಅಷ್ಟೇ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಗುರುತಿಸಲು ಬೇರೆಯೇ ಬಣ್ಣ ಬೇಕು. ಇವೆರಡನ್ನೂ ಪುಸ್ತಕ ನೋಡಿ ನಿಮ್ಮ ಚಿತ್ರಕ್ಕೆ ಸೇರಿಸಬೇಡಿ.